ಫೌಂಡ್ರಿಯಲ್ಲಿ ಒನ್ ಆನ್ ಒನ್ ಮೀಟಿಂಗ್: ನನ್ನ ಅನುಭವ

ನಾನು ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಕಬ್ಬಿಣ ಕರಗಿಸಿ ಅಚ್ಚಿಗೆ ಸುರಿಯೋ ಒಂದು ಫೌಂಡ್ರಿಲಿ ಪ್ರೊಡಕ್ಷನ್ ನೋಡ್ಕೊಳ್ತೀನಿ. ಮೆಲ್ಟಿಂಗ್, ಮೋಲ್ಡಿಂಗ್ (ಅಚ್ಚು ಮಾಡೋದು), ಕೋರ್ ಶಾಪ್ (ಕಾಸ್ಟಿಂಗ್ ಒಳಗೆ ಟೊಳ್ಳು ಬರೋಕೆ ಅಚ್ಚಿನೊಳಗೆ ಇಡೋ ಮರಳಿನ ಕೋರ್ ಮಾಡೋ ಜಾಗ), ಫೆಟ್ಲಿಂಗ್ (ಕಾಸ್ಟಿಂಗ್ ಉಜ್ಜಿ ಚೊಕ್ಕ ಮಾಡೋದು) ಎಲ್ಲದಕ್ಕೂ ಶಿಫ್ಟ್ ಸೂಪರ್‌ವೈಸರ್‌ಗಳಿದ್ದಾರೆ, ಅವರಲ್ಲಿ ಒಬ್ಬೊಬ್ಬರ ಜೊತೆನೂ ಹದಿನೈದು ದಿನಕ್ಕೊಂದ್ಸಲ ಕೂತು ಮಾತಾಡ್ತೀನಿ. ಇದೆಲ್ಲ ಬೆಂಗಳೂರು ಐಟಿ ಕಂಪನಿಗಳಿಗೆ ಸರಿ, ಶಾಪ್ ಫ್ಲೋರಿಗೆ ಆಗಿಬರಲ್ಲ ಅನ್ನೋರು ನಮ್ಮ ಕಡೆ ಬಹಳ ಜನ ಇದ್ದಾರೆ. ನನಗಂತೂ ಇದಿಲ್ದೆ ಶಾಪ್ ನಡೆಸೋಕಾಗಲ್ಲ ಅನ್ಸುತ್ತೆ, ಅದಕ್ಕೇ ಬರೀತಿದೀನಿ.

ನಮ್ಮ ಮಲೆನಾಡಿನೋರ ಸ್ವಭಾವ ಗೊತ್ತಲ್ಲ, ಎದುರಿಗೆ ಯಾರಿಗೂ ಬೇಜಾರು ಮಾಡಲ್ಲ. 'ಹೇಗಿದೆ ಕೆಲಸ?' ಅಂದ್ರೆ 'ಎಂಥದೂ ತೊಂದ್ರೆ ಇಲ್ಲ ಸಾರ್' ಅಂತಾರೆ, ಅಲ್ಲಿಗೆ ಮುಗೀತು. ಅದಕ್ಕೆ ನಾನು ಹಾಗೆ ಕೇಳೋದೇ ಇಲ್ಲ. 'ಈ ವಾರ ಯಾವ ಕೆಲಸಕ್ಕೆ ಎರಡೆರಡು ಸಲ ಓಡಾಡಬೇಕಾಯ್ತು?' ಅಂತ ಕೇಳ್ತೀನಿ, ಇಲ್ಲಾಂದ್ರೆ 'ನಾನು ಮಾಡ್ತಿರೋದ್ರಲ್ಲಿ ಯಾವುದು ನಿಮಗೆ ಅಡ್ಡ ಬರ್ತಿದೆ?' ಅಂತ. ಕೇಳಿ ಸುಮ್ನಿರ್ತೀನಿ. ಮೊದಲು ಮಳೆ, ತೋಟ, ಮಕ್ಕಳ ಶಾಲೆ ಎಲ್ಲ ಬರುತ್ತೆ, ಬರಲಿ, ಅಸಲು ವಿಷಯ ಬಾಯಿಗೆ ಬರೋಕೆ ಕಾಲು ಗಂಟೆ ಬೇಕೇ ಬೇಕು. ಇಂಟೆಲ್ ಕಂಪನಿ ನಡೆಸಿದ ಆಂಡಿ ಗ್ರೋವ್ ಈ ಮೀಟಿಂಗಿಗೆ ಕನಿಷ್ಠ ಒಂದು ಗಂಟೆ ಇಡಬೇಕು, ಏನು ಮಾತಾಡಬೇಕು ಅನ್ನೋದನ್ನ ಕೈಕೆಳಗಿನವರೇ ತರಬೇಕು ಅಂತಿದ್ರು. ಶಿಫ್ಟ್ ನಡುವೆ ನಮಗೆ ಒಂದು ಗಂಟೆ ಸಿಗಲ್ಲ, ಮುಕ್ಕಾಲು ಗಂಟೆ ಇಟ್ಕೊಂಡಿದೀನಿ. ಎರಡನೇ ಮಾತು ಮಾತ್ರ ಬಿಟ್ಟಿಲ್ಲ, ಅದು ಅವರ ಸಮಯ. ಪ್ರೊಡಕ್ಷನ್ ಲೆಕ್ಕ ಕೇಳೋಕೆ ಬೆಳಿಗ್ಗೆ ಮೀಟಿಂಗ್ ಇದೆ, ಬೋರ್ಡಿದೆ, ಅದನ್ನ ಇಲ್ಲಿಗೆ ತಂದ್ರೆ ಇನ್ನೊಂದು ರಿಪೋರ್ಟ್ ಆಗುತ್ತೆ ಅಷ್ಟೆ.

ಇದರಿಂದ ಏನು ಸಿಗುತ್ತೆ ಅನ್ನೋದಕ್ಕೆ ಒಂದು ಹೇಳ್ತೀನಿ. ಒಂದು ಮಳೆಗಾಲ ಕಾಸ್ಟಿಂಗಲ್ಲಿ (ಎರಕ ಹೊಯ್ದ ಭಾಗದಲ್ಲಿ) ಬ್ಲೋ ಹೋಲ್, ಅಂದ್ರೆ ಗಾಳಿ ಸಿಕ್ಕಿ ಆಗೋ ತೂತು, ಜಾಸ್ತಿಯಾಗಿ ರಿಜೆಕ್ಷನ್ ಏರ್ತಾ ಇತ್ತು. ಬೆಳಿಗ್ಗೆ ಮೀಟಿಂಗಲ್ಲಿ ದಿನಾ ಅದೇ ಚರ್ಚೆ, ಮೆಟಲ್ ಟೆಂಪರೇಚರ್ ಕಮ್ಮಿ ಅಂತ ಒಬ್ರು, ಮರಳಲ್ಲಿ ತೇವ ಅಂತ ಒಬ್ರು, ಮೋಲ್ಡಲ್ಲಿ ಗಾಳಿ ಹೊರಗೆ ಹೋಗೋ ವೆಂಟ್ ಸಾಲಲ್ಲ ಅಂತ ಇನ್ನೊಬ್ರು. ಆ ವಾರ ಕೋರ್ ಶಾಪ್ ಸೂಪರ್‌ವೈಸರ್ ಜೊತೆ ಕೂತಿದ್ದೆ, ಅವರು ಟೀ ಟೈಮಿಗೆ ರಿಲೀವರ್ ಸಿಗ್ತಿಲ್ಲ ಅಂತ ಶುರು ಮಾಡಿದ್ರು, ಆ ಮಾತು ಮುಗಿದ್ಮೇಲೆ ಮೆಲ್ಲಗೆ 'ಸಾರ್, ಕೋರ್ ರ‍್ಯಾಕ್ ಈಗ ಶಟರ್ ಪಕ್ಕ ಬಂದಿದೆಯಲ್ಲ, ಬೆಳಿಗ್ಗೆ ಮುಟ್ಟಿ ನೋಡಿದ್ರೆ ಥಂಡಿ ಹಿಡಿದಿರುತ್ತೆ' ಅಂದ್ರು. ಇಬ್ರೂ ಹೋಗಿ ನೋಡಿದ್ವಿ, ಎರಚಲು ಹೊಡೆಯೋ ಜಾಗ, ಕೆಳಗಿನ ಹಲಗೆ ಮೇಲಿದ್ದ ಕೋರ್ ಉಗುರಲ್ಲಿ ಕೆರೆದ್ರೆ ಅಂಚು ಉದುರ್ತಿತ್ತು. ಕೋರ್ ಗಾಳಿಲಿರೋ ತೇವ ಹೀರ್ಕೊಳ್ಳುತ್ತೆ, 1,350 ಡಿಗ್ರಿಗೂ ಮೇಲೆ ಕಾದ ಕಬ್ಬಿಣ ಸುರಿದಾಗ ಆ ತೇವ ಹಬೆಯಾಗಿ, ಹೊರಗೆ ಹೋಗೋಕೆ ದಾರಿ ಇಲ್ದೆ ಕಾಸ್ಟಿಂಗ್ ಒಳಗೇ ತೂತಾಗಿ ಉಳಿಯುತ್ತೆ. ರ‍್ಯಾಕ್ ಒಳಗೆ ಹಾಕಿಸಿ, ಮೊದಲು ಮಾಡಿದ ಕೋರ್ ಮೊದಲು ಬಳಸಬೇಕು ಅಂತ ಮಾಡಿದ್ವಿ, ರಿಜೆಕ್ಷನ್ ಇಳೀತು.

ಇದನ್ನ ಅವರು ಬೆಳಿಗ್ಗೆ ಮೀಟಿಂಗಲ್ಲಿ ಯಾಕೆ ಹೇಳ್ಲಿಲ್ಲ ಅಂದ್ರೆ, ರ‍್ಯಾಕ್ ಅಲ್ಲಿಗೆ ಸರಿಸಿದ್ದು ಅವರಿಗಿಂತ ಸೀನಿಯರ್ ಒಬ್ರು. ಹತ್ತು ಜನರ ಎದುರಿಗೆ ಹೇಳಿದ್ರೆ ಅವರ ಮೇಲೆ ದೂರು ಹೇಳಿದ ಹಾಗಾಗುತ್ತೆ. ಗೊತ್ತಿರೋರು ಇದ್ರು, ಹೇಳೋ ಜಾಗ ಅದಾಗಿರಲಿಲ್ಲ ಅಷ್ಟೆ. ನನಗೆ ಹೇಳಿದ ಸೂಪರ್‌ವೈಸರ್ ಹೆಸರು ನಾನು ಎಲ್ಲೂ ತೆಗೀಲಿಲ್ಲ. ಒನ್ ಆನ್ ಒನ್‌ನಲ್ಲಿ ಹೇಳಿದ್ದು ಅಲ್ಲೇ ಇರುತ್ತೆ, ಯಾರದಾದ್ರೂ ಜೀವಕ್ಕೆ ಅಪಾಯ ಇರೋ ವಿಷಯ ಮಾತ್ರ ಮುಚ್ಚಿಡಲ್ಲ ಅಂತ ಮೊದಲೇ ಎಲ್ಲರಿಗೂ ಹೇಳಿರ್ತೀನಿ.

ರಜೆ ವಿಷಯನೂ ಹೀಗೇ. ನಮ್ಮಲ್ಲಿ ಅರ್ಧಕ್ಕರ್ಧ ಜನಕ್ಕೆ ತೀರ್ಥಹಳ್ಳಿ, ಹೊಸನಗರ ಕಡೆ ಸ್ವಲ್ಪನಾದ್ರೂ ಅಡಿಕೆ ತೋಟ ಇದೆ. ಮಳೆ ಹಿಡಿಯೋಕೆ ಮುಂಚೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೀಬೇಕು, ದೀಪಾವಳಿ ಆದ್ಮೇಲೆ ಕೊಯ್ಲು, ಸುಲಿಯೋದು, ಬೇಯಿಸೋದು. ಮರ ಹತ್ತಿ ಕೊನೆ ಕೊಯ್ಯೋ ಕೊನೆಗಾರರು ಸಿಗೋ ದಿನವೇ ಕೊಯ್ಲು, ಅವತ್ತು ಮನೆಯವರು ಇರ್ಲೇಬೇಕು. ಹೇಳದೆ ರಜೆ ಹಾಕಿದಾರೆ ಅಂತ ಕೂಗಾಡೋದಕ್ಕಿಂತ ಸೆಪ್ಟೆಂಬರ್‌ನಲ್ಲೇ 'ಈ ವರ್ಷ ಕೊಯ್ಲು ಯಾವಾಗ ಬರಬಹುದು?' ಅಂತ ಒಬ್ಬೊಬ್ಬರನ್ನೇ ಕೇಳಿಟ್ಕೊಂಡ್ರೆ ಶಿಫ್ಟ್ ಹೊಂದಿಸೋಕೆ ಆಗುತ್ತೆ, ಅವರಿಗೂ ಸುಳ್ಳು ಹೇಳೋ ಕಷ್ಟ ಇರಲ್ಲ.

ಜಾಗ ಬಹಳ ಮುಖ್ಯ. ನನ್ನ ಕ್ಯಾಬಿನ್‌ಗೆ ಗಾಜಿನ ಗೋಡೆ, ಅಲ್ಲಿಗೆ ಕರೆದ್ರೆ ಇಡೀ ಶಾಪ್ 'ಯಾಕೆ ಕರೆದ್ರಂತೆ?' ಅಂತ ನೋಡುತ್ತೆ. ಪ್ಯಾಟರ್ನ್ ಸ್ಟೋರ್ ಪಕ್ಕ ಒಂದು ಬೆಂಚಿದೆ, ಅಲ್ಲಿ ಕೂರ್ತೀವಿ, ಜೂನ್ ಜುಲೈನಲ್ಲಿ ಶೀಟಿನ ಮೇಲೆ ಮಳೆ ಸದ್ದಿಗೆ ಒಂದಕ್ಷರ ಕೇಳ್ಸಲ್ಲ, ಆಗ ಲ್ಯಾಬಿಗೆ ಹೋಗ್ತೀವಿ. ಫೋನ್ ಸೈಲೆಂಟ್.

ನೋಟ್‌ಬುಕ್ಕಲ್ಲಿ ಒಬ್ಬೊಬ್ಬರಿಗೂ ಒಂದು ಪುಟ, ನಾನು ಒಪ್ಪಿಕೊಂಡಿದ್ದು ಎಡಕ್ಕೆ, ಅವರು ಒಪ್ಪಿಕೊಂಡಿದ್ದು ಬಲಕ್ಕೆ. ಮುಂದಿನ ಸಲ ಕೂತ ತಕ್ಷಣ ಎಡಗಡೆದೇ ಮೊದಲು ಓದ್ತೀನಿ. ಗ್ಲೌಸ್, ಫ್ಯಾನ್, ರಿಲೀವರ್, ಎಲ್ಲ ಸಣ್ಣಸಣ್ಣದೇ, ಆದ್ರೆ ಅದು ಆಗದೇ ಇದ್ರೆ ಎರಡನೇ ಸಲ ಯಾರೂ ಬಾಯಿ ಬಿಡಲ್ಲ. ಆಗದೇ ಇರೋದನ್ನ ಆಗಲ್ಲ ಅಂತಲೇ ಕಾರಣ ಸಮೇತ ಹೇಳ್ತೀನಿ.

ತಿದ್ದೋದಿದ್ರೆ ಮನುಷ್ಯನ ಬಗ್ಗೆ ಅಲ್ಲ, ನಡೆದಿದ್ದರ ಬಗ್ಗೆ. 'ನೀವು ಅಜಾಗರೂಕರು' ಅಂದ್ರೆ ಜಗಳ. 'ಮಂಗಳವಾರ ಮಷಿನ್ ನಿಂತಿದ್ದು ಹ್ಯಾಂಡೋವರ್ ಬುಕ್ಕಲ್ಲಿ ಬರೆದಿರಲಿಲ್ಲ, ಮುಂದಿನ ಶಿಫ್ಟ್‌ನವರು ಪರದಾಡಿದ್ರು' ಅಂದ್ರೆ ಅವರೇ ಕಾರಣ ಹೇಳ್ತಾರೆ. ಮೆಮೋ ಕೊಡೋ ಅಂಥ ವಿಷಯ ಬಂದ್ರೆ ಅದು ಬೇರೆ ದಿನ, ಬೇರೆ ರೂಮು, ಎಚ್‌ಆರ್ ಎದುರಿಗೆ.

ಹೊಸಬರಿದ್ರೆ ವಾರಕ್ಕೊಂದ್ಸಲ ಬೇಕು, ಹಳಬರೂ ಹೊಸ ಮಷಿನ್‌ಗೆ ಹೋದಾಗ ಹಾಗೇ. ನೈಟ್ ಶಿಫ್ಟ್‌ನವರನ್ನ ಬೆಳಿಗ್ಗೆ ಆರಕ್ಕೆ ಡ್ಯೂಟಿ ಮುಗಿದ್ಮೇಲೆ ನಿಲ್ಲಿಸ್ಕೋಬೇಡಿ, ಕಂಪನಿ ಬಸ್ ಹೋಗ್ಬಿಡುತ್ತೆ, ಕಣ್ಣು ಎಳೀತಿರುತ್ತೆ. ನಾನೇ ರಾತ್ರಿ ಹತ್ತಕ್ಕೆ ಹೋಗಿ, ಶಿಫ್ಟ್ ಸೆಟ್ ಆದ್ಮೇಲೆ ಹನ್ನೊಂದರ ಸುಮಾರಿಗೆ ಕೂರ್ತೀನಿ.