ಮಕ್ಕಳ ಜೊತೆ 'ಇನ್‌ಸೈಡ್ ಔಟ್ 2' ನೋಡುವ ಮುಂಚೆ

ಮಕ್ಕಳನ್ನು ಕರೆದುಕೊಂಡು ಹೊರಟವರಿಗೆ ಒಂದೆರಡು ಮಾತು. ಇದು 2015ರ 'ಇನ್‌ಸೈಡ್ ಔಟ್' ಅನಿಮೇಷನ್ ಚಿತ್ರದ ಮುಂದುವರಿದ ಭಾಗ. ರೈಲಿ ಎಂಬ ಹುಡುಗಿಯ ತಲೆಯೊಳಗಿನ ಭಾವನೆಗಳೇ ಇದರಲ್ಲಿ ಪಾತ್ರಗಳು. ಹಿಂದಿನ ದಿನ ಮನೆಯಲ್ಲಿ ಮೊದಲನೆಯದನ್ನು ಒಮ್ಮೆ ತೋರಿಸಿಬಿಡಿ. ಖುಷಿ, ದುಃಖ, ಸಿಟ್ಟು ಯಾರ್ಯಾರು ಅಂತ ಗೊತ್ತಿದ್ದರೆ ಥಿಯೇಟರಲ್ಲಿ "ಅಮ್ಮಾ, ಇದು ಯಾರು?" ಅನ್ನೋ ಪ್ರಶ್ನೆ ಬರಲ್ಲ. ಟಿಕೆಟ್ ಮಾಡಿಸುವಾಗ ಭಾಷೆ ಯಾವುದು ಅಂತ ನೋಡಿಕೊಳ್ಳಿ.

ಮುಖ್ಯವಾಗಿ ಹೇಳಬೇಕಾದ್ದು ಕೊನೆಯ ಹಾಕಿ ಪಂದ್ಯದ ಭಾಗದ ಬಗ್ಗೆ. 13 ವರ್ಷದ ಹುಡುಗಿ ರೈಲಿಗೆ ಆತಂಕ ಹೆಚ್ಚಾಗಿ ಉಸಿರು ಕಟ್ಟಿದಂತಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ನನ್ನ ಏಳು ವರ್ಷದ ಮಗಳು ಅಲ್ಲಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು. ನಾನು ಮೆಲ್ಲಗೆ "ಸರಿಹೋಗತ್ತೆ ಪುಟ್ಟಾ, ನೋಡ್ತಿರು" ಅಂದೆ, ಅಷ್ಟು ಸಾಕಾಯಿತು. ಆದ್ದರಿಂದ ಪುಟ್ಟ ಮಕ್ಕಳನ್ನು ನಿಮ್ಮಿಬ್ಬರ ಮಧ್ಯೆ ಕೂರಿಸಿಕೊಳ್ಳಿ. ಪರೀಕ್ಷೆ ಅಂದರೆ ಹೆದರುವ ದೊಡ್ಡ ಮಕ್ಕಳಿದ್ದರೆ ಖಂಡಿತ ಕರೆದೊಯ್ಯಿರಿ. ತಮಗೆ ಆಗುವುದಕ್ಕೆ ಒಂದು ಹೆಸರು ಸಿಗುತ್ತದೆ. ನನ್ನ ಅಕ್ಕನ ಮಗ ವಾಪಸ್ ಬರುವಾಗ ಕಾರಿನಲ್ಲಿ ತಾನಾಗಿಯೇ ಮಾತು ತೆಗೆದ.

ಎಸಿಗೆ ಸ್ವೆಟರ್ ಇರಲಿ. ಹೆಸರುಗಳು ಓಡುವಾಗ ಎದ್ದುಬಿಡಬೇಡಿ, ಅದೆಲ್ಲ ಮುಗಿದ ಮೇಲೂ ಒಂದು ಪುಟ್ಟ ದೃಶ್ಯ ಇದೆ.