ಶಿವರಾತ್ರಿ ಮುಗೀತು, ಇನ್ನು ಹಿತ್ತಲಿಗೆ ಇಳಿಯೋಣ

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಹೋಗುತ್ತೆ ಅಂತಾರಲ್ಲ, ಧಾರವಾಡದ ಮಾಳಮಡ್ಡಿಯ ನಮ್ಮ ಹಿತ್ತಲಲ್ಲಿ ಅದು ಗೊತ್ತಾಗುವುದು ಬೇವಿನ ಮರದಿಂದ. ಬೆಳಿಗ್ಗೆ ಕಸ ಹೊಡೆದು, ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ನೆಲವೆಲ್ಲ ಮತ್ತೆ ಹಳದಿ. ಹಿತ್ತಲು ಹಸನು ಮಾಡಲು ಇದೇ ಹೊತ್ತು. ಇನ್ನೊಂದು ತಿಂಗಳಾದರೆ ಬಿಸಿಲಿಗೆ ಹೊರಗೆ ನಿಲ್ಲಲು ಆಗುವುದಿಲ್ಲ.

ಆದರೆ ಮೊದಲ ದಿನ ಕಸಬರಿಗೆ, ಕತ್ತರಿ ಎರಡನ್ನೂ ಮುಟ್ಟಬೇಡಿ. ಸುಮ್ನೆ ಒಂದು ಸುತ್ತು ಹಾಕಿ ಗಿಡ ನೋಡಿ. ಮೂರು ವರ್ಷದ ಹಿಂದೆ ನಾನು ಹುರುಪಿನಲ್ಲಿ ದುಂಡುಮಲ್ಲಿಗೆಯನ್ನೂ ಸವರಿಬಿಟ್ಟೆ. ಕೆಲಸಕ್ಕೆ ಬರುವಾಕೆ ಬಿದ್ದ ಟೊಂಗೆಯೊಂದನ್ನು ಎತ್ತಿ, “ಅಕ್ಕಾರ, ಇದು ಮೊಗ್ಗು ಹಿಡದಿತ್ತಲ್ರೀ” ಅಂದಳು. ನೋಡಿದರೆ ಹೌದು. ಚಿಗುರಿನ ತುದಿಯಲ್ಲಿ, ಎರಡು ಎಲೆಗಳ ನಡುವೆ, ಅಕ್ಕಿಕಾಳಿಗಿಂತ ಸಣ್ಣ ಹಸಿರು ಮೊಗ್ಗು ಮೂರು. ಆ ಯುಗಾದಿಗೆ ಹೂವು ದುಡ್ಡು ಕೊಟ್ಟು ತಂದೆ.

ಮಲ್ಲಿಗೆ ಸವರುವ ಕೆಲಸ ಜನವರಿಯೊಳಗೆ ಮುಗಿಯಬೇಕು. ಅದಕ್ಕೆ ಮುಂಚೆ ಎರಡು ವಾರ ನೀರು ನಿಲ್ಲಿಸಬೇಕು. ಆಮೇಲೆ ನೆಲದಿಂದ ಒಂದೂವರೆ ಅಡಿ ಬಿಟ್ಟು ಕತ್ತರಿಸಿ, ಬುಡ ಕೆದರಿ, ಗೊಬ್ಬರ ಹಾಕಿ ನೀರುಣಿಸಬೇಕು. ಅದು ತಪ್ಪಿಹೋಗಿದ್ದರೆ ಈಗ ಒಣಕಡ್ಡಿ ಮಾತ್ರ ತೆಗೆಯಿರಿ. ಕಡ್ಡಿ ಸತ್ತಿದೆಯೋ ಬದುಕಿದೆಯೋ ತಿಳಿಯದಿದ್ದರೆ ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ಹಸಿರು ಕಂಡರೆ ಬಿಡಿ. ಕಂದು ಬಣ್ಣವಿದ್ದು, ಬಗ್ಗಿಸಿದಾಗ ಟಕ್ ಅಂತ ಮುರಿದರೆ ತೆಗೆಯಿರಿ. ದಾಸವಾಳ, ಗುಲಾಬಿಗೂ ಇದೇ ಪರೀಕ್ಷೆ. ದಾಸವಾಳದ ಎಳೆ ಚಿಗುರು ಮುದುಡಿ ಬಿಳಿ ಹಿಟ್ಟು ಹಿಡಿದಿದ್ದರೆ ಅದು ಹಿಟ್ಟು ತಿಗಣೆ. ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಬೆರೆಸಿ ಸಂಜೆ ಹೊಡೆಯಿರಿ.

ಮಾವಿಗೆ ಮಾತ್ರ ಅವಸರ ಬೇಡ. ನಮ್ಮ ಮಾವನವರು ಹಚ್ಚಿದ ಆಪೂಸ್ ಗಿಡದಲ್ಲಿ ಈಗ ಅರ್ಧ ಹೂವು, ಅರ್ಧ ಮಿಡಿ. ಹೂವಿನ ಸುತ್ತ ನೊಣ, ಜೇನು ಗುಂಯ್ ಅನ್ನುತ್ತಿರುವಾಗ ಯಾವ ಔಷಧವನ್ನೂ ಹೊಡೆಯಬೇಡಿ. ಕಾಯಿ ಕಟ್ಟಿಸುವವೇ ಅವು. ಮಿಡಿ ಬಟಾಣಿ ಕಾಳಿನಷ್ಟಾದ ಮೇಲೆ ನೀರು ಶುರು ಮಾಡಿ. ಅದೂ ಬೊಡ್ಡೆಗಲ್ಲ, ಟೊಂಗೆಯ ನೆರಳು ಮುಗಿಯುವ ಅಂಚಿನಲ್ಲಿ.

ಈಗ ಕಸ. ಮೂಲೆಯಲ್ಲಿ ಪೇರಿಸಿಟ್ಟ ಹೆಂಚು, ಒಡೆದ ಕುಂಡಗಳಿಗೆ ಬರಿಗೈ ಹಾಕಬೇಡಿ. ಮೊದಲು ಕೋಲಿನಿಂದ ತಟ್ಟಿ. ಚೇಳು ಅಲ್ಲೇ ಇರುತ್ತದೆ. ಈ ಸಲ ನನಗೆ ಸಿಕ್ಕಿದ್ದು ಒಂದು ಕಪ್ಪೆ. ಮಣ್ಣಿನದೇ ಬಣ್ಣ, ಗಂಟಲು ಮಾತ್ರ ಪುಕುಪುಕು ಅನ್ನುತ್ತಿತ್ತು. ಹೆಂಚನ್ನು ಇದ್ದ ಹಾಗೇ ಇಟ್ಟೆ. ರಾತ್ರಿ ಹುಳ ತಿನ್ನುವ ಜೀವ, ಇರಲಿ ಬಿಡಿ.

ಕಾಂಗ್ರೆಸ್ ಕಸವನ್ನು ಬಿಳಿ ಹೂವು ಬರುವ ಮೊದಲೇ ಬೇರುಸಹಿತ ಕೀಳಿ. ಹಿಂದಿನ ಸಂಜೆ ನೆಲ ತೋಯಿಸಿದ್ದರೆ ಸಲೀಸಾಗಿ ಬರುತ್ತದೆ. ಕೈಗವಸು ಬೇಕೇಬೇಕು, ಕೆಲವರಿಗೆ ಮೈ ತುರಿಕೆ ಎದ್ದುಬಿಡುತ್ತೆ. ಹೂವು ಬಿಟ್ಟಿದ್ದನ್ನು ತಿಪ್ಪೆಗೆ ಹಾಕಬೇಡಿ, ಅದರ ಬೀಜ ಮಳೆಗಾಲಕ್ಕೆ ಹಿತ್ತಲ ತುಂಬ ಏಳುತ್ತದೆ.

ಒಣ ಟೊಂಗೆ ಎಲ್ಲಿ ಹಾಕುವುದು ಅಂತೀರಾ? ಗೇಟಿನ ಪಕ್ಕ ಇಟ್ಟುಬಿಡಿ. ಹೋಳಿ ಹುಣ್ಣಿಮೆಗೆ ಎರಡೇ ವಾರ. ಓಣಿಯ ಹುಡುಗರು ಹಲಗೆ ಬಾರಿಸುತ್ತ ಕಾಮಣ್ಣನಿಗೆ ಕಟ್ಟಿಗೆ ಕೇಳಲು ಬರುತ್ತಾರೆ. ಕೊಡದಿದ್ದರೆ ಕದ್ದೊಯ್ಯುತ್ತಾರೆ. ಒಂದು ವರ್ಷ ನಮ್ಮ ಹೀರೆಬಳ್ಳಿಯ ಹಂದರದ ಬೊಂಬೇ ಹೋಗಿತ್ತು!

ಎಲೆಗೆ ಮಾತ್ರ ಬೆಂಕಿ ಹಚ್ಚಬೇಡಿ. ಒಂದು ಮೊಳ ಒಣ ಎಲೆ, ಮೇಲೆ ಸಗಣಿ ನೀರು, ಒಂದು ಬುಟ್ಟಿ ಮಣ್ಣು, ಮತ್ತೆ ಎಲೆ. ಹೀಗೆ ಪದರ ಹಾಕಿ ಗೋಣಿಚೀಲ ಮುಚ್ಚಿ. ಒಳಗಿನ ಎಲೆ ಹಿಂಡಿದ ಬಟ್ಟೆಯಷ್ಟು ಹಸಿ ಇರಬೇಕು. ಹದಿನೈದು ದಿನಕ್ಕೊಮ್ಮೆ ತಿರುವಿ ಹಾಕಿದರೆ ಜೂನಿನ ಮೃಗಶಿರಾ ಮಳೆಗೆ ಗೊಬ್ಬರ ಸಿದ್ಧ. ಉಳಿದ ಎಲೆಯನ್ನು ಗಿಡದ ಸುತ್ತ ಮೂರು ಬೆರಳು ದಪ್ಪ ಹರಡಿ, ಕಾಂಡಕ್ಕೆ ತಾಗಿಸಬೇಡಿ. ನಮ್ಮದು ಕೆಂಪು ಮಣ್ಣು, ಬೇಗ ಒಣಗುತ್ತದೆ. ನನ್ನ ತವರು ಅಣ್ಣಿಗೇರಿಯ ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಎರಡಕ್ಕೂ ಎಲೆಯ ಹೊದಿಕೆ ಬೇಕು. ನಳದ ನೀರಿಗೆ ದಿನ ಎಣಿಸುವ ನಮ್ಮಂಥವರಿಗಂತೂ ಜಾಸ್ತಿ ಬೇಕು.

ಖಾಲಿಯಾದ ಮಡಿಯಲ್ಲಿ ಬೆಂಡೆ, ಚವಳಿಕಾಯಿ, ಹೀರೆ ಊರಬಹುದು. ಬೆಂಡೆ ಬೀಜ ರಾತ್ರಿ ನೆನೆಹಾಕಿ. ರಾಜಗಿರಿ ಬೀಜ ತೀರಾ ಸಣ್ಣದು, ಒಂದು ಮುಷ್ಟಿ ಉಸುಕಿನಲ್ಲಿ ಬೆರೆಸಿ ಚೆಲ್ಲಿ.

ಬೇವಿನ ಮರ ಸವರಿಸುವವರಿದ್ದರೆ ಕೈಗೆಟುಕುವ ಒಂದು ಟೊಂಗೆ ಉಳಿಸಲು ಹೇಳಿ. ನಮ್ಮದರಲ್ಲಿ ಆಗಲೇ ತಾಮ್ರದ ಬಣ್ಣದ ಚಿಗುರು ಕಾಣುತ್ತಿದೆ. ಯುಗಾದಿ ಬೆಳಿಗ್ಗೆ ಅರ್ಧ ಓಣಿ ಬಟ್ಟಲು ಹಿಡಿದು ಹೂವಿಗೆ ಇಲ್ಲಿಗೇ ಬರುತ್ತದೆ.