ಫಾರ್ಮ್ಯಾಟ್ ಹೊಡೆಸುವ ಮುನ್ನ ಬ್ರೌಸರ್ ಕಡೆ ಒಮ್ಮೆ ನೋಡಿ

ವಿಂಡೋಸ್ ಹೊಸದಾಗಿ ಹಾಕಿಸಿ, ಫೈರ್‌ಫಾಕ್ಸ್‌ಗೆ ಲಾಗಿನ್ ಆಗಿ, ಬುಕ್‌ಮಾರ್ಕ್ ಪಟ್ಟಿ ಖಾಲಿ ಇರುವುದನ್ನು ಕಂಡವರೆಲ್ಲ ಹೇಳುವುದು ಒಂದೇ ಮಾತು: ‘ಸಿಂಕ್ ಆನ್ ಇತ್ತಲ್ಲ!’ ಆನ್ ಇದ್ದದ್ದು ನಿಜವೇ. ಎಷ್ಟೋ ಸಲ ಡೇಟಾ ಫಾರ್ಮ್ಯಾಟ್‌ನಿಂದ ಹೋಗಿರುವುದಿಲ್ಲ, ಆಮೇಲೆ ಲಾಗಿನ್ ಪುಟದಲ್ಲಿ ಅವಸರವಾಗಿ ಒತ್ತಿದ ‘ಫರ್ಗಾಟ್ ಪಾಸ್‌ವರ್ಡ್’ನಿಂದ ಹೋಗಿರುತ್ತದೆ.

ಸಿಂಕ್‌ನ ಕೆಲಸ ಎಲ್ಲ ಸಾಧನಗಳನ್ನೂ ಒಂದೇ ಸ್ಥಿತಿಯಲ್ಲಿ ಇಡುವುದು, ಅಷ್ಟೇ. ಲ್ಯಾಪ್‌ಟಾಪಿನಲ್ಲಿ ಒಂದು ಬುಕ್‌ಮಾರ್ಕ್ ಫೋಲ್ಡರ್ ಅಳಿಸಿದರೆ ಸ್ವಲ್ಪ ಹೊತ್ತಿನಲ್ಲಿ ಮೊಬೈಲಿನಿಂದಲೂ ಅದು ಮಾಯ. ಇದು ಬ್ಯಾಕಪ್ ಸೇವೆ ಅಲ್ಲವೆಂದು ಮೊಜಿಲ್ಲಾವೇ ಹೇಳುತ್ತದೆ. ಹಾಗಾಗಿ ಫಾರ್ಮ್ಯಾಟ್‌ಗೆ ಮುಂಚೆ ಪೆನ್‌ಡ್ರೈವ್ ಒಂದನ್ನು ಕೈಗೆತ್ತಿಕೊಳ್ಳಿ.

ಹಂತ 1: ಹೊರಗೆ ತೆಗೆದಿಡುವುದು

ಬುಕ್‌ಮಾರ್ಕ್: ಬುಕ್‌ಮಾರ್ಕ್ ಮ್ಯಾನೇಜರ್ ತೆರೆದು ಎಚ್‌ಟಿಎಂಎಲ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಒಂದು ನಿಮಿಷದ ಕೆಲಸ.

ಪಾಸ್‌ವರ್ಡ್: ಪಾಸ್‌ವರ್ಡ್ ಮ್ಯಾನೇಜರ್‌ನ ಸೆಟ್ಟಿಂಗ್ಸ್‌ನಿಂದ ಸಿಎಸ್‌ವಿ ಫೈಲ್ ಸಿಗುತ್ತದೆ. ಅದರಲ್ಲಿ ಪಾಸ್‌ವರ್ಡ್‌ಗಳೆಲ್ಲ ಬಿಚ್ಚಿಟ್ಟ ಅಕ್ಷರಗಳಲ್ಲೇ ಇರುತ್ತವೆ, ಆದ್ದರಿಂದ ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳುವ ಚಾಳಿ ಬೇಡ. ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡುವುದಂತೂ ಬೇಡವೇ ಬೇಡ. ಸೊನ್ನೆಯಿಂದ ಶುರುವಾಗುವ ಅಂಕಿಗಳ ಪಾಸ್‌ವರ್ಡ್ ಇದ್ದರೆ ಎಕ್ಸೆಲ್ ಆ ಸೊನ್ನೆಯನ್ನು ನುಂಗುತ್ತದೆ, ಸಮಚಿಹ್ನೆಯಿಂದ ಶುರುವಾಗುವುದನ್ನು ಸೂತ್ರವೆಂದು ತಿಳಿಯುತ್ತದೆ. ಒಳಗೆ ಇಣುಕಲೇಬೇಕಿದ್ದರೆ ನೋಟ್‌ಪ್ಯಾಡ್ ಸಾಕು.

ಪ್ರೊಫೈಲ್ ಫೋಲ್ಡರ್: ಫೈರ್‌ಫಾಕ್ಸ್ ಬಳಸುವವರು ಇದನ್ನು ಬಿಡಬಾರದು. ‘ಹೆಲ್ಪ್’ ಮೆನುವಿನಲ್ಲಿ ‘ಮೋರ್ ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್’ಗೆ ಹೋಗಿ, ‘ಪ್ರೊಫೈಲ್ ಫೋಲ್ಡರ್’ ಎದುರಿನ ‘ಓಪನ್ ಫೋಲ್ಡರ್’ ಒತ್ತಿ. ಫೋಲ್ಡರ್ ತೆರೆದ ಮೇಲೆ ಫೈರ್‌ಫಾಕ್ಸನ್ನು ಪೂರ್ತಿ ಮುಚ್ಚಿ, ಇಡೀ ಫೋಲ್ಡರನ್ನು ಕಾಪಿ ಮಾಡಿ. ಮುಚ್ಚದೆ ಕಾಪಿ ಮಾಡಿದರೆ ಅರ್ಧ ಬರೆದ ಸ್ಥಿತಿಯಲ್ಲಿರುವ ಡೇಟಾಬೇಸ್ ಫೈಲ್ ಪೆನ್‌ಡ್ರೈವ್‌ಗೆ ಬರಬಹುದು. ಬುಕ್‌ಮಾರ್ಕ್ ಮತ್ತು ಹಿಸ್ಟರಿ ಇರುವುದು ಪ್ಲೇಸಸ್ ಎಂಬ ಎಸ್‌ಕ್ಯುಲೈಟ್ ಫೈಲಿನಲ್ಲಿ. ಪಾಸ್‌ವರ್ಡ್‌ಗಳು ಲಾಗಿನ್ಸ್ ಎಂಬ ಜೇಸನ್ ಫೈಲಿನಲ್ಲಿ, ಅವುಗಳ ಬೀಗದ ಕೈ ‘ಕೀ4’ ಎಂಬ ಡಿಬಿ ಫೈಲಿನಲ್ಲಿ. ಈ ಕೊನೆಯ ಎರಡು ಜೊತೆಯಾಗಿದ್ದರೆ ಮಾತ್ರ ಉಪಯೋಗ. ಪ್ರೈಮರಿ ಪಾಸ್‌ವರ್ಡ್ (ಉಳಿಸಿಟ್ಟ ಪಾಸ್‌ವರ್ಡ್‌ಗಳಿಗೆಲ್ಲ ಫೈರ್‌ಫಾಕ್ಸ್‌ನಲ್ಲೇ ಹಾಕುವ ಬೀಗ) ಹಾಕಿರದಿದ್ದರೆ ಈ ಜೋಡಿ ಯಾರ ಕೈಗೆ ಸಿಕ್ಕರೂ ಅವರು ನಿಮ್ಮ ಪಾಸ್‌ವರ್ಡ್ ಓದಬಲ್ಲರು, ಪೆನ್‌ಡ್ರೈವ್ ಜೋಪಾನ.

ಉಬುಂಟು 22.04 ಅಥವಾ ಅದರ ನಂತರದ್ದನ್ನು ಬಳಸುವವರು ಹೋಮ್ ಫೋಲ್ಡರಿನ ಮೊಜಿಲ್ಲಾ ಹೆಸರಿನ ಅಡಗಿದ ಫೋಲ್ಡರನ್ನು ಕಾಪಿ ಮಾಡಿ ನಿಶ್ಚಿಂತರಾಗುತ್ತಾರೆ. ಆದರೆ ಉಬುಂಟುವಿನಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದಲ್ಲಿ ಬರುತ್ತದೆ, ಹಾಗಾಗಿ ಅಸಲಿ ಪ್ರೊಫೈಲ್ ‘ಸ್ನ್ಯಾಪ್’ ಫೋಲ್ಡರಿನ ಒಳಗೆ, ‘ಫೈರ್‌ಫಾಕ್ಸ್’, ‘ಕಾಮನ್’ ದಾಟಿದ ಮೇಲೆ ಸಿಗುತ್ತದೆ.

ಕ್ರೋಮ್‌ನ ಪ್ರೊಫೈಲ್ ಫೋಲ್ಡರ್ ಕಾಪಿ ಮಾಡಿದರೆ ಬುಕ್‌ಮಾರ್ಕ್ ಉಳಿಯುತ್ತದೆ, ಪಾಸ್‌ವರ್ಡ್ ಉಳಿಯುವುದಿಲ್ಲ. ವಿಂಡೋಸ್‌ನಲ್ಲಿ ಕ್ರೋಮ್ ತನ್ನ ಕೀಲಿಯನ್ನು ಆ ಕಂಪ್ಯೂಟರಿನ ಬಳಕೆದಾರ ಖಾತೆಗೆ ಕಟ್ಟಿರುತ್ತದೆ. ಹೊಸ ವಿಂಡೋಸ್‌ನಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟು ಖಾತೆ ತೆರೆದರೂ ಆ ಕೀಲಿ ಮತ್ತೆ ಹುಟ್ಟುವುದಿಲ್ಲ. ಕ್ರೋಮ್‌ನವರಿಗೆ ಸಿಎಸ್‌ವಿಯೇ ಗತಿ.

‘ಒಂದೇ ಕ್ಲಿಕ್ಕಿನಲ್ಲಿ ಎಲ್ಲ ಬ್ರೌಸರ್ ಬ್ಯಾಕಪ್’ ಎನ್ನುವ ಉಚಿತ ತಂತ್ರಾಂಶಗಳನ್ನು ಹತ್ತಿರ ಸೇರಿಸಬೇಡಿ. ಅಪರಿಚಿತ ತಂತ್ರಾಂಶಕ್ಕೆ ಅಷ್ಟೂ ಪಾಸ್‌ವರ್ಡ್ ಓದುವ ಅವಕಾಶ ಕೊಡುವಷ್ಟು ಕಷ್ಟದ ಕೆಲಸ ಇದಲ್ಲ.

ಹಂತ 2: ಮೊಜಿಲ್ಲಾ ಖಾತೆಯ ರಿಕವರಿ ಕೀ

ಇಡೀ ಕೆಲಸದಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ಫೈರ್‌ಫಾಕ್ಸ್ ನಿಮ್ಮ ಡೇಟಾವನ್ನು ನಿಮ್ಮ ಕಂಪ್ಯೂಟರಿನಲ್ಲೇ ಎನ್‌ಕ್ರಿಪ್ಟ್ ಮಾಡಿ ಆಮೇಲೆ ಸರ್ವರಿಗೆ ಕಳಿಸುತ್ತದೆ. ಅದನ್ನು ಬಿಡಿಸುವ ಕೀಲಿಗೆ ನಿಮ್ಮ ಖಾತೆಯ ಪಾಸ್‌ವರ್ಡೇ ಆಧಾರ. ಮೊಜಿಲ್ಲಾದವರಿಗೂ ಅದನ್ನು ಓದಲಾಗದು. ಈ ಭದ್ರತೆಯ ಬೆಲೆ ತಿಳಿಯುವುದು ಪಾಸ್‌ವರ್ಡ್ ಮರೆತಾಗ. ರಿಕವರಿ ಕೀ (ಪಾಸ್‌ವರ್ಡ್ ಮರೆತರೂ ಡೇಟಾ ಬಿಡಿಸಿಕೊಡುವ ಕೋಡ್) ಇಲ್ಲದೆ ರಿಸೆಟ್ ಮಾಡಿದರೆ ಹೊಸ ಕೀಲಿ ಹುಟ್ಟುತ್ತದೆ, ಹಳೆಯ ಡೇಟಾ ಯಾರೂ ಬಿಡಿಸಲಾಗದ ಕಸವಾಗುತ್ತದೆ, ಸರ್ವರ್ ಅದನ್ನು ಅಳಿಸುತ್ತದೆ. ರಿಸೆಟ್ ಪುಟದಲ್ಲಿ ಎಚ್ಚರಿಕೆ ಇರುತ್ತದೆ, ಓದುವವರು ಕಡಿಮೆ.

ಪಾಸ್‌ವರ್ಡ್ ‘ಚೇಂಜ್’ ಮಾಡುವುದು ಬೇರೆ, ‘ರಿಸೆಟ್’ ಮಾಡುವುದು ಬೇರೆ. ಹಳೆಯದು ಗೊತ್ತಿದ್ದು ಬದಲಾಯಿಸಿದರೆ ಡೇಟಾಗೆ ಏನೂ ಆಗುವುದಿಲ್ಲ.

ಆದ್ದರಿಂದ ಫಾರ್ಮ್ಯಾಟ್‌ಗೆ ಮುಂಚೆಯೇ ಮೊಜಿಲ್ಲಾ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ ‘ಅಕೌಂಟ್ ರಿಕವರಿ ಕೀ’ ಸೃಷ್ಟಿಸಿ. ಆಗ ಪಾಸ್‌ವರ್ಡ್ ಕೇಳುತ್ತದೆ. ಅದು ನಿಮಗೆ ನೆನಪಿದೆಯೇ ಇಲ್ಲವೇ ಎಂಬ ಪರೀಕ್ಷೆಯೂ ಅಲ್ಲೇ ಮುಗಿಯಿತು. ಕೀಯನ್ನು ಕಾಗದದಲ್ಲಿ ಬರೆದಿಡಿ, ಫಾರ್ಮ್ಯಾಟ್ ಆಗಲಿರುವ ಡೆಸ್ಕ್‌ಟಾಪ್ ಮೇಲೆ ಇಡಬೇಡಿ. ಎರಡು ಹಂತದ ದೃಢೀಕರಣ ಹಾಕಿದ್ದರೆ ಬ್ಯಾಕಪ್ ಕೋಡ್‌ಗಳನ್ನೂ ಅದೇ ಕಾಗದಕ್ಕೆ ಸೇರಿಸಿ.

ಗೂಗಲ್ ಖಾತೆಯ ಪಾಸ್‌ವರ್ಡ್ ರಿಸೆಟ್ ಮಾಡಿದರೆ ಸಾಮಾನ್ಯವಾಗಿ ಕ್ರೋಮ್ ಡೇಟಾ ಹೋಗುವುದಿಲ್ಲ. ಆದರೆ ಪ್ರತ್ಯೇಕ ಸಿಂಕ್ ಪಾಸ್‌ಫ್ರೇಸ್ ಇಟ್ಟಿದ್ದು ಅದನ್ನು ಮರೆತರೆ ಕಥೆ ಫೈರ್‌ಫಾಕ್ಸ್‌ನದ್ದೇ. ಗೂಗಲ್ ಸರ್ವರಿನಲ್ಲಿರುವುದನ್ನು ಅಳಿಸಿ, ಡೇಟಾ ಉಳಿದಿರುವ ಸಾಧನದಿಂದ ಮತ್ತೆ ಏರಿಸಬೇಕಾಗುತ್ತದೆ.

ಹಂತ 3: ಅಂಗಡಿಯಲ್ಲಿ

ರಿಪೇರಿ ಅಂಗಡಿಯವರು ‘ಡೇಟಾ ಬ್ಯಾಕಪ್ ತೆಗೆದುಕೊಳ್ತೀವಿ’ ಎಂದರೆ ಅದರಲ್ಲಿ ಸೇರುವುದು ಸಾಮಾನ್ಯವಾಗಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಫೋಟೊಗಳು. ಬ್ರೌಸರ್ ಪ್ರೊಫೈಲ್ ಇರುವ ‘ಆಪ್‌ಡೇಟಾ’ ಅಡಗಿದ ಫೋಲ್ಡರ್, ಅದನ್ನು ಹೆಸರು ಹೇಳಿಯೇ ಕೇಳಿ.

ಹಂತ 4: ಮೊದಲ ಲಾಗಿನ್

ಹೊಸ ಕಂಪ್ಯೂಟರಿನಲ್ಲಿ ಏನನ್ನೂ ಇಂಪೋರ್ಟ್ ಮಾಡುವ ಮುಂಚೆ ಸಿಂಕ್‌ಗೆ ಲಾಗಿನ್ ಆಗಿ, ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಡಿ. ಅವಸರಪಟ್ಟು ಎಚ್‌ಟಿಎಂಎಲ್ ಫೈಲ್ ಸೇರಿಸಿದರೆ ಸರ್ವರಿನಿಂದ ಬಂದದ್ದೂ ಅದೂ ಸೇರಿ ಬುಕ್‌ಮಾರ್ಕ್‌ಗಳು ಎರಡೆರಡಾಗಬಹುದು, ಆ ರಗಳೆ ಮೊಬೈಲಿಗೂ ಹಬ್ಬಬಹುದು.

ಪಾಸ್‌ವರ್ಡ್ ತಪ್ಪು ಎಂದು ಬಂದರೆ ಅಲ್ಲೇ ನಿಲ್ಲಿ. ರಿಕವರಿ ಕೀ ಇದ್ದರೆ ರಿಸೆಟ್ ಮಾಡುವಾಗ ಅದನ್ನು ಕೊಡಿ, ಡೇಟಾ ಉಳಿಯುತ್ತದೆ. ಕೀ ಇಲ್ಲ, ಆದರೆ ಮೊಬೈಲಿನ ಫೈರ್‌ಫಾಕ್ಸ್‌ನಲ್ಲಿ ಎಲ್ಲವೂ ಇದೆ ಎಂದಾದರೆ ರಿಸೆಟ್ ಮಾಡಬಹುದು. ರಿಸೆಟ್ ಆದೊಡನೆ ಮೊಬೈಲ್ ಸಿಂಕ್‌ನಿಂದ ಕಳಚಿಕೊಳ್ಳುತ್ತದೆ, ಅದರೊಳಗಿನ ಡೇಟಾ ಹಾಗೇ ಇರುತ್ತದೆ. ಹೊಸ ಪಾಸ್‌ವರ್ಡಿನಿಂದ ಮೊದಲು ಮೊಬೈಲಿನಲ್ಲಿ ಲಾಗಿನ್ ಆಗಿ ಸಿಂಕ್ ಮುಗಿಸಿ, ಕಂಪ್ಯೂಟರಿನ ಸರದಿ ಆಮೇಲೆ. ನಡುವೆ ಮೊಬೈಲಿನ ಫೈರ್‌ಫಾಕ್ಸನ್ನು ಅನ್‌ಇನ್‌ಸ್ಟಾಲ್ ಮಾಡಿ ‘ಫ್ರೆಶ್ ಆಗಿ’ ಹಾಕಿಕೊಳ್ಳಲು ಹೋದರೆ ಕೊನೆಯ ಪ್ರತಿಯೂ ಕೈಬಿಟ್ಟಂತೆ.

ಹಳೆಯ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ ಮೊದಲು ವೈಫೈ ರೂಟರ್ ಆಫ್ ಮಾಡಿ, ಆಮೇಲೆ ಆ ಲ್ಯಾಪ್‌ಟಾಪ್ ಆನ್ ಮಾಡಿ, ನೆಟ್ ಇಲ್ಲದೆಯೇ ಬುಕ್‌ಮಾರ್ಕ್ ಎಕ್ಸ್‌ಪೋರ್ಟ್ ಮಾಡಿ. ನೆಟ್ ಸಿಕ್ಕರೆ ಅಳಿಸಿದ ಸುದ್ದಿ ಅದಕ್ಕೂ ತಲುಪಬಹುದು.

ಹಂತ 5: ಏನೂ ತೆಗೆದಿಡದೆ ಫಾರ್ಮ್ಯಾಟ್ ಆಗಿಹೋಗಿದ್ದರೆ

ಕೇವಲ ಫೈರ್‌ಫಾಕ್ಸನ್ನು ತೆಗೆದು ಮತ್ತೆ ಹಾಕಿದ್ದಾದರೆ ಗಾಬರಿ ಬೇಡ. 2019ರ 67ನೇ ಆವೃತ್ತಿಯಿಂದ ಬೇರೆ ಫೋಲ್ಡರಿನಲ್ಲಿ ಮಾಡಿದ ಇನ್‌ಸ್ಟಾಲ್‌ಗೆ ಬೇರೆ ಪ್ರೊಫೈಲ್. ಹಳೆಯದು ಸಾಮಾನ್ಯವಾಗಿ ಡಿಸ್ಕಿನಲ್ಲೇ ಇರುತ್ತದೆ. ವಿಳಾಸ ಪಟ್ಟಿಯಲ್ಲಿ ‘ಅಬೌಟ್’, ಕೋಲನ್, ‘ಪ್ರೊಫೈಲ್ಸ್’ ಎಂದು ಇಂಗ್ಲಿಷಿನಲ್ಲಿ ಟೈಪಿಸಿ, ಪಟ್ಟಿಯಲ್ಲಿರುವ ಇನ್ನೊಂದನ್ನು ತೆರೆದು ನೋಡಿ.

ವಿಂಡೋಸನ್ನೇ ಹಾಕಿಸಿದ್ದರೆ ಸಿ ಡ್ರೈವ್‌ನಲ್ಲಿ ‘ವಿಂಡೋಸ್.ಓಲ್ಡ್’ ಇದೆಯೇ ಹುಡುಕಿ. ಡ್ರೈವ್ ಫಾರ್ಮ್ಯಾಟ್ ಮಾಡದೆ ಮೇಲಿಂದ ಮೇಲೆ ಇನ್‌ಸ್ಟಾಲ್ ಮಾಡಿದ್ದರೆ ಹಳೆಯ ‘ಯೂಸರ್ಸ್’ ಅದರೊಳಗಿರುತ್ತದೆ. ಇವತ್ತೇ ಕಾಪಿ ಮಾಡಿಕೊಳ್ಳಿ, ಹತ್ತು ದಿನ ಕಳೆದರೆ ವಿಂಡೋಸ್ ತಾನೇ ಗುಡಿಸಿಹಾಕಬಹುದು. ಎಸ್‌ಎಸ್‌ಡಿಯನ್ನು ಪೂರ್ತಿ ಫಾರ್ಮ್ಯಾಟ್ ಮಾಡಿದ್ದರೆ ಟ್ರಿಮ್ ಆಜ್ಞೆ ಹಳೆಯ ಬ್ಲಾಕ್‌ಗಳನ್ನು ತೊಳೆದಿರುತ್ತದೆ, ರಿಕವರಿ ತಂತ್ರಾಂಶಕ್ಕೆ ದುಡ್ಡು ಸುರಿಯಬೇಡಿ.

ಹಂತ 6: ಮರಳಿ ತುಂಬುವುದು

ಫೈರ್‌ಫಾಕ್ಸ್ ಮುಚ್ಚಿ, ಮೇಲೆ ಹೇಳಿದ ಮೂರು ಫೈಲುಗಳನ್ನು ಹೊಸ ಪ್ರೊಫೈಲಿಗೆ ಹಾಕಿ ತೆರೆಯಿರಿ. ಈಗ ಹಾಕಿರುವ ಫೈರ್‌ಫಾಕ್ಸ್‌ನ ಆವೃತ್ತಿ ಮೊದಲಿದ್ದದ್ದಕ್ಕಿಂತ ಹಿಂದಿನದಾಗಿರಬಾರದು. ‘ಬುಕ್‌ಮಾರ್ಕ್‌ಬ್ಯಾಕಪ್ಸ್’ ಎಂಬ ಒಳಫೋಲ್ಡರಿನಲ್ಲಿ ಫೈರ್‌ಫಾಕ್ಸ್ ತಾನೇ ದಿನಾಂಕವಾರು ಇಟ್ಟ ಪ್ರತಿಗಳಿರುತ್ತವೆ. ಅವನ್ನು ‘ರಿಸ್ಟೋರ್’ ಮಾಡಿದರೆ ಈಗಿರುವ ಬುಕ್‌ಮಾರ್ಕ್‌ಗಳೆಲ್ಲ ಹೋಗಿ ಆ ಪ್ರತಿ ಬಂದು ಕೂರುತ್ತದೆ. ಎಚ್‌ಟಿಎಂಎಲ್ ಇಂಪೋರ್ಟ್ ಇರುವುದರ ಜೊತೆಗೆ ಸೇರಿಸುತ್ತದೆ. ಕೆಲವೇ ಬುಕ್‌ಮಾರ್ಕ್ ಕಾಣೆಯಾಗಿದ್ದರೆ ಎಚ್‌ಟಿಎಂಎಲ್ಲೇ ಒಳ್ಳೆಯದು.

ಜಾಲತಾಣಗಳೆಲ್ಲ ಮತ್ತೆ ಲಾಗಿನ್ ಕೇಳಿದರೆ ಅದು ತೊಂದರೆಯ ಲಕ್ಷಣವಲ್ಲ, ಕುಕೀಗಳು ಸಿಂಕ್ ಆಗುವುದೇ ಇಲ್ಲ. ಆ್ಯಡ್-ಆನ್‌ಗಳ ಹೆಸರು ಬರುತ್ತದೆ, ಒಳಗಿನ ಸೆಟ್ಟಿಂಗ್ಸ್ ಎಷ್ಟೋ ಸಲ ಬರುವುದಿಲ್ಲ. ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್‌ನಂಥವಕ್ಕೆ ಅವುಗಳದ್ದೇ ಬ್ಯಾಕಪ್ ಗುಂಡಿ ಇದೆ, ಮೊದಲ ಹಂತದಲ್ಲೇ ಅದನ್ನು ಒತ್ತಿಬಿಡಿ. ಪಾಸ್‌ವರ್ಡ್‌ಗಳು ಸರಿಯಾಗಿ ಬಂದಿವೆ ಎಂದು ನಾಲ್ಕೈದು ತಾಣಗಳಲ್ಲಿ ಲಾಗಿನ್ ಆಗಿ ನೋಡಿದ ಮೇಲೆ ಪೆನ್‌ಡ್ರೈವ್‌ನಲ್ಲೂ ಡೌನ್‌ಲೋಡ್ಸ್‌ನಲ್ಲೂ ಇರುವ ಸಿಎಸ್‌ವಿ ಫೈಲನ್ನು ಶಿಫ್ಟ್ ಹಿಡಿದು ಡಿಲೀಟ್ ಮಾಡಿ.